ಅಂತಃಪುರದಿಂದ ಆಡಳಿತಕ್ಕೆ: ವಾಣಿವಿಲಾಸ ಸನ್ನಿಧಾನ



ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬಸ್ಸಿನಿಂದ ಇಳಿದು ಕೋಟೆಯ ಕಡೆಗೆ ನಡೆದರೆ ವಾಣಿವಿಲಾಸ ಆಸ್ಪತ್ರೆ ಸಿಗುತ್ತದೆ. ಪೀಣ್ಯದಿಂದ, ವೈಟ್‌ಫೀಲ್ಡ್‌ನಿಂದ, ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಹಳ್ಳಿಗಳಿಂದ ಹೆರಿಗೆಗೆಂದು ಅಲ್ಲಿಗೆ ಹೋದ ತಾಯಂದಿರು ಲೆಕ್ಕವಿಲ್ಲದಷ್ಟು. ನಿಮ್ಮಲ್ಲಿಯೂ ಕೆಲವರು ಅಲ್ಲಿಯೇ ಕಣ್ಣು ತೆರೆದಿರಬಹುದು. ಆದರೆ ಆ ಹೆಸರು ಯಾರದು ಎಂದು ಎಂದಾದರೂ ಯೋಚಿಸಿದ್ದೀರಾ? ನಾನು ಒಂಬತ್ತನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಒಬ್ಬಳು ಯಾರೋ ಡಾಕ್ಟರಮ್ಮ ಇರಬೇಕು ಎಂದಳು, ಇನ್ನೊಬ್ಬಳು ದೇವರ ಹೆಸರು ಎಂದಳು. ಉಳಿದವರು ಸುಮ್ಮನಿದ್ದರು. ಅವರನ್ನು ದೂರಿ ಫಲವಿಲ್ಲ. ನಾವು ಹೇಳಿಕೊಟ್ಟಿದ್ದರೆ ತಾನೆ ಅವರಿಗೆ ಗೊತ್ತಾಗುವುದು? ಆದ್ದರಿಂದ ಈ ವರ್ಷದ ಸಂಚಿಕೆಯಲ್ಲಿ ಆ ತಾಯಿಯ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅವರ ಹೆಸರು ಕೆಂಪನಂಜಮ್ಮಣ್ಣಿ. ಮೈಸೂರು ಅರಮನೆಗೆ ತಲೆತಲಾಂತರದಿಂದ ಹೆಣ್ಣು ಕೊಡುತ್ತಿದ್ದ ಕಳಲೆಯ ಅರಸು ಮನೆತನದಲ್ಲಿ 1866ರಲ್ಲಿ ಹುಟ್ಟಿದರು. 1878ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರೊಂದಿಗೆ ಅವರ ಮದುವೆಯಾಯಿತು. ಆಗ ಅವರ ವಯಸ್ಸು 12. ಇಂದಿನ ಲೆಕ್ಕದಲ್ಲಿ ಏಳನೇ ತರಗತಿಯಲ್ಲಿ ಕೂರಬೇಕಾದ ಮಗು.

ಆ ಕಾಲ ಹೇಗಿತ್ತು ಎಂಬುದನ್ನು ಸ್ವಲ್ಪ ನೆನೆಯಿರಿ. 1876ರಿಂದ 1878ರವರೆಗೆ ನಾಡಿನಲ್ಲಿ ಭೀಕರ ಬರಗಾಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕಿಂತ ಹೆಚ್ಚಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷಕ್ಕೂ ಕೆಳಗಿಳಿದಿತ್ತು. ಹಸಿವು ಬಂದಾಗ ಕೊನೆಯ ತುತ್ತು ಉಣ್ಣುವವಳು ಹೆಂಗಸು. ನೀರಿಗಾಗಿ ಕೊಡ ಹೊತ್ತು ಹರದಾರಿ ನಡೆಯುವವಳೂ ಅವಳೇ. ಹೆಣ್ಣು ಮಕ್ಕಳಿಗೆ ಓದು ಎಂಬುದೇ ಇರಲಿಲ್ಲ. ಎಳೆಯ ವಯಸ್ಸಿನಲ್ಲಿ ಮದುವೆ, ಗಂಡ ಸತ್ತರೆ ಜೀವನವಿಡೀ ಮೂಲೆ. ಅರಮನೆಯ ಹೆಣ್ಣಿಗೆ ಅನ್ನದ ಚಿಂತೆ ಇರಲಿಲ್ಲ, ನಿಜ. ಆದರೆ ಅವಳಿಗೆ ಗೋಷಾ ಇತ್ತು. ಹೊರಗಿನ ಗಂಡಸರ ಎದುರಿಗೆ ಬರುವಂತಿರಲಿಲ್ಲ. ಪರದೆ ಎಂದರೆ ನಮ್ಮ ಸಮುದಾಯದ ಮಾತು ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಮೈಸೂರಿನ ಅರಸು ಮನೆತನಗಳಲ್ಲಿಯೂ ಅದು ಕಟ್ಟುನಿಟ್ಟಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ನಂತರ 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ಅರಮನೆಯ ಆಶ್ರಯದಲ್ಲಿ, ಅಂಬಳೆ ನರಸಿಂಹ ಅಯ್ಯಂಗಾರ್ಯರ ಶ್ರಮದಿಂದ, ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಮನೆಯಿಂದ ಹೆಣ್ಣು ಮಗುವನ್ನು ಹೊರಗೆ ಕಳಿಸುವುದೇ ಅವಮಾನವೆಂದು ತಿಳಿದ ದಿನಗಳವು. ಮಹಾರಾಣಿಯವರ ಹೆಸರೇ ಶಾಲೆಯ ಬಾಗಿಲಲ್ಲಿ ಇದ್ದುದರಿಂದ ತಂದೆ ತಾಯಂದಿರಿಗೆ ಧೈರ್ಯ ಬಂತು. ಇದರ ಮರುವರ್ಷ, 1882ರಲ್ಲಿ, ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ ನೀಡಿದರು. ಇಂದು ಗಾಜಿನ ಕಟ್ಟಡಗಳಿಂದ ತುಂಬಿರುವ ವೈಟ್‌ಫೀಲ್ಡ್ ಹುಟ್ಟಿದ್ದು ಹೀಗೆ.

1894ರಲ್ಲಿ ಸಂಸ್ಥಾನವು ಬಾಲ್ಯವಿವಾಹ ತಡೆಯುವ ಕಾನೂನು ತಂದಿತು. 8 ವರ್ಷದೊಳಗಿನ ಹುಡುಗಿಯ ಮದುವೆ ಕೂಡದು, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗಕೂಡದು ಎಂಬುದು ಅದರ ಸಾರ. ಕೇಳಿದರೆ ಮೈ ಜುಮ್ಮೆನ್ನುತ್ತದೆ ಅಲ್ಲವೇ? ಎಂಟು ವರ್ಷ ಎಂಬ ಸಣ್ಣ ಮಿತಿಯನ್ನು ಹಾಕುವುದಕ್ಕೂ ಆಗ ಕಾನೂನೇ ಬೇಕಾಯಿತು!

ಅದೇ ವರ್ಷದ ಕೊನೆಯಲ್ಲಿ ಸಿಡಿಲು ಬಡಿಯಿತು. ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರ ಒಡೆಯರು ಗಂಟಲಮಾರಿ ರೋಗಕ್ಕೆ ತುತ್ತಾಗಿ ಡಿಸೆಂಬರ್ 28ರಂದು ತೀರಿಕೊಂಡರು. ಅವರಿಗೆ 31 ವರ್ಷ, ರಾಣಿಗೆ 28. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ. ಆ ಕಾಲದ ರೂಢಿಯಂತೆ ವಿಧವೆಯ ಬದುಕು ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1895ರಲ್ಲಿ ಬಾಲಕ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ, ಅವರು ಪ್ರಾಯಕ್ಕೆ ಬರುವವರೆಗೆ ತಾಯಿಯೇ ರೀಜೆಂಟರಾಗಿ ರಾಜ್ಯಭಾರ ನೋಡಿಕೊಳ್ಳುವುದೆಂದು ತೀರ್ಮಾನವಾಯಿತು. ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನಿಂದ ಅವರು ಏಳೂವರೆ ವರ್ಷ ಮೈಸೂರನ್ನು ಆಳಿದರು.

ಇದು ಒಬ್ಬರೇ ಮಾಡಿದ ಕೆಲಸವೆಂದು ನಾನು ಹೇಳುವುದಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರಂಥ ಅನುಭವಿ ಆಡಳಿತಗಾರರಿದ್ದರು, ಸಲಹೆಗೆ ಮಂತ್ರಾಲೋಚನಾ ಸಭೆ ಇತ್ತು, ಮೇಲೆ ಬ್ರಿಟಿಷ್ ರೆಸಿಡೆಂಟರ ಕಣ್ಣು ಇತ್ತು. ಆದರೆ ಅಂತಃಪುರ ಬಿಟ್ಟು ಬೇರೇನೂ ಕಾಣದ ಯುವ ವಿಧವೆಯೊಬ್ಬರು ರಾಜ್ಯದ ಜವಾಬ್ದಾರಿ ಹೊರಲು ಒಪ್ಪಿದ್ದೇ ದೊಡ್ಡ ಮಾತು. ಇದೇ ಕಾಲದಲ್ಲಿ ದೂರದ ಭೋಪಾಲಿನಲ್ಲಿ ಷಾಜಹಾನ್ ಬೇಗಂ, 1901ರ ನಂತರ ಅವರ ಮಗಳು ಸುಲ್ತಾನ್ ಜಹಾನ್ ಬೇಗಂ ರಾಜ್ಯವಾಳುತ್ತಿದ್ದರು. ಸುಲ್ತಾನ್ ಜಹಾನ್ ಬೇಗಂ 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದರು. ಹೆಣ್ಣಿಗೆ ಆಡಳಿತ ಒಗ್ಗದು ಎನ್ನುವವರಿಗೆ ಉತ್ತರ ಉತ್ತರದಲ್ಲಿಯೂ ಇತ್ತು, ದಕ್ಷಿಣದಲ್ಲಿಯೂ ಇತ್ತು.

ವಾಣಿವಿಲಾಸರ ಆಡಳಿತ ಹೂವಿನ ಹಾಸಿಗೆಯಾಗಿರಲಿಲ್ಲ. 1897ರಲ್ಲಿ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆಯ ಸಂದರ್ಭದಲ್ಲಿಯೇ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಅದೇ ವರ್ಷ ಹೊಸ ಅರಮನೆಯ ಕೆಲಸ ಶುರುವಾಗಿ 1912ರಲ್ಲಿ ಮುಗಿಯಿತು. ಇಂದು ನೀವು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ತೋರಿಸುವ ಅರಮನೆ ಅದೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆ ಬೀದಿಗಳಲ್ಲಿ ಇಲಿ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಗುಡಿಸಲುಗಳಿಗೆ ಓಡುತ್ತಿದ್ದರು. ಮಕ್ಕಳನ್ನು ಸೊಂಟದಲ್ಲಿ ಇಟ್ಟುಕೊಂಡು, ಒಲೆಯನ್ನೂ ಮುದುಕರನ್ನೂ ಬಯಲಿಗೆ ಸಾಗಿಸಿದ ಹೆಂಗಸರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಗಾಳಿ ಬೆಳಕು ಇರುವ ಅಗಲ ರಸ್ತೆಗಳ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಈ ಕಾಲದಲ್ಲಿಯೇ ಬೆಳೆದವು. 1897ರಲ್ಲಿ ಮಹಾರಾಣಿಯವರೇ ಅಡಿಗಲ್ಲು ಹಾಕಿದ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರಿನಲ್ಲಿ ತೆರೆಯಿತು.

ನೀರಿನ ವಿಷಯ ಕೇಳಿ. 1896ರಲ್ಲಿ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. ಚಾಮರಾಜೇಂದ್ರರ ಕಾಲದಲ್ಲಿ ಶುರುವಾದ ಆ ಯೋಜನೆ ವಾಣಿವಿಲಾಸರ ಕಾಲದಲ್ಲಿ ಪೂರ್ಣವಾಯಿತು. ಪೀಣ್ಯದ ಕಡೆಯವರಿಗೆ ಹೆಸರಘಟ್ಟ ಪಕ್ಕದ ಊರು. ಪೇಟೆಯ ಹೆಂಗಸರ ತಲೆಯ ಮೇಲಿನ ಕೊಡದ ಭಾರ ಸ್ವಲ್ಪವಾದರೂ ಇಳಿದದ್ದು ಅಲ್ಲಿಂದ. ಚಿತ್ರದುರ್ಗ ಸೀಮೆಯಲ್ಲಿ ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟುವ ಕೆಲಸವೂ ಇವರ ಆಡಳಿತದಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಅದಕ್ಕೆ ವಾಣಿವಿಲಾಸ ಸಾಗರ ಎಂದೇ ಹೆಸರು. 1933ರಲ್ಲಿ ಕೋಡಿ ಹರಿದಿದ್ದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಬಯಲುಸೀಮೆಯ ಜನ ಅಂದು ಹಬ್ಬದಂತೆ ನೋಡಲು ಹೋದರು.

ಇನ್ನು ವಿದ್ಯುತ್ತು. ಕಾವೇರಿಯ ಶಿವನಸಮುದ್ರ ಜಲಪಾತದಿಂದ 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಷ್ಟು ದೂರದ ತಂತಿ ಮಾರ್ಗ ಆಗ ಜಗತ್ತಿನಲ್ಲಿಯೇ ವಿರಳ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಜಮ್‌ಶೆಡ್‌ಜಿ ಟಾಟಾ ಅವರು ವಿಜ್ಞಾನ ಸಂಸ್ಥೆಯೊಂದನ್ನು ಸ್ಥಾಪಿಸಬೇಕೆಂದು ಹೊರಟಾಗ ಭೂಮಿ ಕೊಡಲು ಮುಂದೆ ಬಂದದ್ದೂ ಇದೇ ಮೈಸೂರು ಸರ್ಕಾರ. ಯಶವಂತಪುರದ ಬಳಿ ಇರುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ರೂಪುಗೊಂಡಿತು. ಪೀಣ್ಯದ ಯಂತ್ರಗಳಿಗೂ ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರುಗಳಿಗೂ ಬೇರು ಹುಡುಕಿದರೆ ವಿದ್ಯುತ್ತು ಮತ್ತು ವಿಜ್ಞಾನ ಎಂಬ ಈ ಎರಡು ಬೀಜಗಳು ಸಿಗುತ್ತವೆ.

1902ರ ಆಗಸ್ಟ್ 8ರಂದು ಮಗನಿಗೆ 18 ತುಂಬಿದ ಮೇಲೆ ಅಧಿಕಾರವನ್ನು ಒಪ್ಪಿಸಿ ವಾಣಿವಿಲಾಸರು ಹಿಂದೆ ಸರಿದರು. ಕುರ್ಚಿ ಹಿಡಿಯುವುದಕ್ಕಿಂತ ಬಿಡುವುದು ಕಷ್ಟ. ಅವರು ಅದನ್ನು ಸದ್ದಿಲ್ಲದೆ ಮಾಡಿದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಹಿಂದುಳಿದವರಿಗೂ ಮುಸ್ಲಿಮರಿಗೂ ಸರ್ಕಾರಿ ಕೆಲಸದ ಬಾಗಿಲು ತೆರೆಯುವ ಕ್ರಮ ಕೈಗೊಂಡಿತು. 1906ರಲ್ಲಿ ಮಹಾರಾಣಿ ಕಾಲೇಜಿನ ಮೊದಲ ಪದವೀಧರೆಯರು ಹೊರಬಂದಿದ್ದರು. ಇವೆಲ್ಲವನ್ನೂ ಕಾಣುವ ಭಾಗ್ಯ ಆ ತಾಯಿಗಿತ್ತು. ದುಃಖವೂ ಬಿಡಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿ ಕ್ಷಯರೋಗಕ್ಕೆ ಬಲಿಯಾದರು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಆಕೆಯ ಹೆಸರಿದೆ. 1934ರ ಜುಲೈನಲ್ಲಿ ವಾಣಿವಿಲಾಸರು ತಮ್ಮ 68ನೇ ವಯಸ್ಸಿನಲ್ಲಿ ನಿಧನರಾದರು. ಮರುವರ್ಷ ಅವರ ಹೆಸರಿನ ಹೆರಿಗೆ ಆಸ್ಪತ್ರೆ ಬೆಂಗಳೂರಿನಲ್ಲಿ ಬಾಗಿಲು ತೆರೆಯಿತು.

ಓದುಗರೇ, ಈ ಕಥೆಯನ್ನು ನಾನು ಒಮ್ಮೆ ಒಬ್ಬ ತಾಯಿಗೆ ಹೇಳಿದೆ. ಆಕೆ ಪೀಣ್ಯದ ಕಡೆ ಗಾರ್ಮೆಂಟ್ ಕೆಲಸಕ್ಕೆ ಹೋಗುವವಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಪಡೆದ ಮಗಳನ್ನು ಓದು ಬಿಡಿಸಿ ಮದುವೆ ಮಾಡಲು ಹೊರಟಿದ್ದಳು. ಇಪ್ಪತ್ತೆಂಟಕ್ಕೆ ವಿಧವೆಯಾದವರು ರಾಜ್ಯವನ್ನೇ ನಡೆಸಿದರು ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಆಕೆ ಎಲ್ಲವನ್ನೂ ಕೇಳಿ, ಆ ಅಮ್ಮನಿಗೆ ಅರಮನೆ ಇತ್ತು, ದಿವಾನರಿದ್ದರು, ನನಗೆ ಯಾರಿದ್ದಾರೆ ಟೀಚರ್ ಎಂದು ಕೇಳಿದಳು. ನನ್ನ ಬಿ.ಎಡ್. ಓದಿನಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ತಲೆ ತಗ್ಗಿಸಿ ಮನೆಗೆ ಬಂದೆ.

ಆ ರಾತ್ರಿ ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಆಕೆ ಕೇಳಿದ್ದು ಸರಿ. ವಾಣಿವಿಲಾಸರ ಧೈರ್ಯದ ಹಿಂದೆ ಕೈ ಹಿಡಿಯುವವರು ಇದ್ದರು. ಧೈರ್ಯ ಮಾತ್ರ ಹೇಳಿಕೊಟ್ಟು ಕೈ ಕೊಡದಿದ್ದರೆ ಅದು ಉಪದೇಶವಾಗುತ್ತದೆಯೇ ಹೊರತು ಸಹಾಯವಾಗುವುದಿಲ್ಲ. ಮರುವಾರ ನಾವು ಮೂವರು ಶಿಕ್ಷಕಿಯರು ಸೇರಿ ಆ ಹುಡುಗಿಯ ಪಿಯುಸಿ ಶುಲ್ಕಕ್ಕೆ ದಾರಿ ಮಾಡಿದೆವು, ವಿದ್ಯಾರ್ಥಿವೇತನದ ಅರ್ಜಿಯನ್ನು ಕೂತು ತುಂಬಿಸಿದೆವು, ಬಸ್ ಪಾಸಿಗೆ ಓಡಾಡಿದೆವು. ಮದುವೆ ಮಾತು ಮುಂದಕ್ಕೆ ಹೋಯಿತು. ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಅದೇ ವರ್ಷ ನಾವು ತಡವಾಗಿ ತಿಳಿದ ಇನ್ನೊಬ್ಬ ಹುಡುಗಿಯ ಓದು ನಿಂತೇ ಹೋಯಿತು. ಅವಳ ಮುಖ ನನಗೆ ಇಂದಿಗೂ ಮರೆಯಲಾಗಿಲ್ಲ.

ಹೆಣ್ಣಿನ ಮದುವೆಗೆ ಕಾನೂನು ಅಂದು ಎಂಟು ವರ್ಷ ಎಂದಿತ್ತು, ಇಂದು ಹದಿನೆಂಟು ಎನ್ನುತ್ತದೆ. ಕಾನೂನು ಬಾಗಿಲು ಕಾಯಬಲ್ಲದು, ಮಗುವನ್ನು ಶಾಲೆಗೆ ಕರೆದೊಯ್ಯಲಾರದು. ಆ ಕೆಲಸ ತಂದೆ ತಾಯಂದಿರದು, ನೆರೆಹೊರೆಯವರದು, ನಮ್ಮಂಥ ಸಂಘಗಳದು. ನಿಮ್ಮ ಬೀದಿಯಲ್ಲಿ ಹತ್ತನೇ ತರಗತಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿ ಇದ್ದರೆ ಈ ವಾರವೇ ಹೋಗಿ ವಿಚಾರಿಸಿ. ಶುಲ್ಕವೇ ಕಾರಣವಾದರೆ ಸಂಘಕ್ಕೆ ತಿಳಿಸಿ. ಭಯವೇ ಕಾರಣವಾದರೆ ಆ ತಾಯಿಯ ಜೊತೆ ಕುಳಿತು ಒಂದು ಲೋಟ ಚಹಾ ಕುಡಿಯಿರಿ, ವಾಣಿವಿಲಾಸರ ಕಥೆ ಹೇಳಿ. ಕಥೆ ಮುಗಿದ ಮೇಲೆ ಮಾತ್ರ ಬರಿಗೈಯಲ್ಲಿ ಎದ್ದು ಬರಬೇಡಿ.