ಗಾಡ್ಜಿಲ್ಲಾನ ಹಿಂದಿದ್ದ ಮನುಷ್ಯ

ಹೋಂಡಾ ಎಂದ ಕೂಡಲೆ ನಮ್ಮ ಹುಡುಗರಿಗೆ ಮೋಟರ್ ಸೈಕಲ್ಲು ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಬೇರೊಬ್ಬ ಹೋಂಡಾನ ವಿಷಯ: ‘ಗಾಡ್ಜಿಲ್ಲಾ’ ಚಿತ್ರದ ನಿರ್ದೇಶಕ ಇಶಿರೊ ಹೋಂಡಾ. ರಬ್ಬರಿನ ವೇಷ ತೊಟ್ಟವನೊಬ್ಬ ಬೊಂಬೆಮನೆಗಳನ್ನು ತುಳಿಯೋದು ಬರೀ ಮಕ್ಕಳಾಟ ಅಂತ ನಗುವವರು ಈತನ ಬದುಕನ್ನೊಮ್ಮೆ ನೋಡಬೇಕು.

ಹುಟ್ಟಿದ್ದು ೧೯೧೧ರಲ್ಲಿ, ಯಮಗಾತಾ ಪ್ರಾಂತದ ಒಂದು ಹಳ್ಳಿಯಲ್ಲಿ. ತಂದೆ ಬೌದ್ಧ ಪುರೋಹಿತ. ಹುಡುಗ ಸಿನಿಮಾ ಓದಿ, ೧೯೩೩ರಲ್ಲಿ ಸ್ಟುಡಿಯೋ ಸೇರಿದ. ಅಲ್ಲಿ ಅಕಿರಾ ಕುರೊಸಾವಾನ ಗೆಳೆತನವಾಯಿತು. ಆದರೆ ಸೈನ್ಯದಿಂದ ಮತ್ತೆ ಮತ್ತೆ ಕರೆ ಬಂತು. ಗೆಳೆಯ ನಿರ್ದೇಶಕನಾಗಿ ಹೆಸರು ಮಾಡುತ್ತಿದ್ದಾಗ ಈತ ಚೀನಾದಲ್ಲಿ ಸಿಪಾಯಿ; ಕೊನೆಗೆ ಯುದ್ಧಕೈದಿ. ೧೯೪೬ರಲ್ಲಿ ಮನೆಗೆ ಮರಳುವಾಗ ದಾರಿಯಲ್ಲಿ ಹಾಳುಬಿದ್ದ ಹಿರೋಶಿಮಾ ಕಂಡಿತು.

ಮೊದಲ ಕಥಾಚಿತ್ರ ‘ನೀಲಿ ಮುತ್ತು’ ಬಂದಾಗ ವಯಸ್ಸು ನಲವತ್ತು. ಮುತ್ತಿಗಾಗಿ ಕಡಲಿಗೆ ಧುಮುಕುವ ಹೆಂಗಸರ ಕತೆ ಅದು. ದೈತ್ಯ ಬಂದದ್ದು ಆಮೇಲೆ.

೧೯೫೪ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಷಬೂದಿ ಜಪಾನಿನ ಮೀನುದೋಣಿಯೊಂದರ ಮೇಲೆ ಸುರಿಯಿತು. ಅದೇ ವರ್ಷ ನವೆಂಬರಿನಲ್ಲಿ ‘ಗಾಡ್ಜಿಲ್ಲಾ’ ತೆರೆಕಂಡಿತು. ಟ್ರಿಕ್ ಕೆಲಸವೆಲ್ಲ ತ್ಸುಬುರಾಯಾನದು, ನಿಜ. ಆದರೆ ಊರು ಸುಟ್ಟ ಮೇಲೆ ಹೋಂಡಾ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ವೈದ್ಯನೊಬ್ಬ ವಿಕಿರಣ ಅಳೆಯುವ ಯಂತ್ರವನ್ನು ಮಗುವಿನ ಮುಂದೆ ಹಿಡಿದು, ತಲೆ ಅಲ್ಲಾಡಿಸುತ್ತಾನೆ. ಕೊನೆಗೆ, ದೈತ್ಯನನ್ನು ಕೊಲ್ಲುವ ಅಸ್ತ್ರ ಕಂಡುಹಿಡಿದ ವಿಜ್ಞಾನಿ ಆ ವಿದ್ಯೆ ಇನ್ನೊಬ್ಬರ ಕೈಸೇರಬಾರದೆಂದು ಕಾಗದಪತ್ರ ಸುಟ್ಟು, ತಾನೂ ಕಡಲ ತಳದಲ್ಲೇ ಉಳಿದುಬಿಡುತ್ತಾನೆ. ಯುದ್ಧವನ್ನು ದೂರದಿಂದ ಕಂಡವನಿಗೆ ಇಂಥ ಮುಕ್ತಾಯ ಹೊಳೆಯೋದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಪತಂಗದೈತ್ಯದ ‘ಮೋತ್ರಾ’ (೧೯೬೧), ಅಣಬೆ ತಿಂದವರು ಅಣಬೆಯೇ ಆಗಿಬಿಡುವ ‘ಮಾತಾಂಗೊ’ (೧೯೬೩), ಹೀಗೆ ಬಗೆಬಗೆಯ ಚಿತ್ರಗಳು. ೧೯೭೫ರಲ್ಲಿ ತನ್ನ ಕೊನೆಯ ಚಿತ್ರ ಮುಗಿಸಿದ. ಎಪ್ಪತ್ತರ ಹತ್ತಿರ ಬಂದಾಗ ಹಳೇ ಗೆಳೆಯ ಕುರೊಸಾವಾನ ಪಕ್ಕ ಸಹಾಯಕನಾಗಿ ನಿಂತ. ತಾನೂ ನಿರ್ದೇಶಕ ಎಂಬ ಹಮ್ಮು ಅಡ್ಡ ಬರಲಿಲ್ಲ. ‘ಕಾಗೆಮುಶಾ’ದಿಂದ ‘ಮಾದಾದಯೊ’ವರೆಗೆ ಐದು ಚಿತ್ರ ದುಡಿದು, ಐದನೆಯದು ಬಿಡುಗಡೆಯಾಗುವ ಮುಂಚೆ, ೧೯೯೩ರ ಫೆಬ್ರವರಿಯಲ್ಲಿ ತೀರಿಕೊಂಡ.

ಅಮೆರಿಕದವರು ೧೯೫೬ರಲ್ಲಿ ‘ಗಾಡ್ಜಿಲ್ಲಾ’ವನ್ನು ಕತ್ತರಿಸಿ, ತಮ್ಮ ನಟನೊಬ್ಬನನ್ನು ಸೇರಿಸಿ ಬೇರೆಯೇ ಪ್ರತಿ ಮಾಡಿದರು. ನಮ್ಮ ಫಿಲ್ಮ್ ಕ್ಲಬ್ಬಿನವರು ದಯವಿಟ್ಟು ಜಪಾನೀ ಮೂಲವನ್ನೇ ತರಿಸಲಿ. ದೈತ್ಯ ಬಂದಾಗ ಬೇಕಾದರೆ ನಗಿ. ಆಸ್ಪತ್ರೆಯ ದೃಶ್ಯ ಬರುವವರೆಗೆ ಮಾತ್ರ ಎದ್ದು ಹೋಗಬೇಡಿ.