ಟಿಪ್ಪು ಸುಲ್ತಾನರ ವಿದೇಶಾಂಗ ನೀತಿ: ದೂರದ ಮಿತ್ರರು, ಹತ್ತಿರದ ನೆರೆಯವರು

ಮೈಸೂರಿನಿಂದ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಕೊಡಗಿಗೆ ಹೋಗುವ ದಾರಿ ನಮ್ಮಲ್ಲಿ ಅನೇಕರಿಗೆ ಚಿರಪರಿಚಿತ. ನೆಂಟರ ಮನೆಗೆ, ವ್ಯಾಪಾರಕ್ಕೆ, ಮದುವೆ-ಮುಂಜಿಗಳಿಗೆ ಆ ದಾರಿಯಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಪಿರಿಯಾಪಟ್ಟಣದ ಹಳೆಯ ಕೋಟೆಯ ಕಥೆ ಗೊತ್ತಿದೆಯೋ ತಿಳಿಯದು. ಟಿಪ್ಪು ಸುಲ್ತಾನರೆಂದರೆ ನಮಗೆ ಕೂಡಲೇ ನೆನಪಾಗುವುದು ಶ್ರೀರಂಗಪಟ್ಟಣ. ಆದರೆ ಇಸ್ತಾಂಬುಲ್, ಪ್ಯಾರಿಸ್ ಮತ್ತು ಕಾಬೂಲ್‌ಗಳಿಗೆ ದೂತರನ್ನು ಕಳುಹಿಸಿದ ಆ ಅರಸರ ವಿದೇಶಾಂಗ ನೀತಿಯ ಗೆಲುವು ಮತ್ತು ಸೋಲನ್ನು ಅರಿಯಬೇಕಾದರೆ ಪಿರಿಯಾಪಟ್ಟಣವನ್ನೂ ನೆನೆಯಬೇಕಾಗುತ್ತದೆ.

ಟಿಪ್ಪು 1750ರ ನವೆಂಬರ್ 20ರಂದು ದೇವನಹಳ್ಳಿಯಲ್ಲಿ ಜನಿಸಿದರು. ತಂದೆ ಹೈದರ್ ಅಲಿ ಮೈಸೂರಿನ ಸೇನೆಯಲ್ಲಿ ಸಾಮಾನ್ಯ ಸ್ಥಾನದಿಂದ ಮೇಲೇರಿ ರಾಜ್ಯದ ಸೂತ್ರವನ್ನೇ ಹಿಡಿದವರು. ಮಗನಿಗೆ ಯುದ್ಧವಿದ್ಯೆಯೊಂದಿಗೆ ಅರಬಿ, ಫಾರ್ಸಿ ಭಾಷೆಗಳ ಶಿಕ್ಷಣವನ್ನೂ ಕೊಡಿಸಿದರು. 1782ರ ಡಿಸೆಂಬರ್‌ನಲ್ಲಿ ಹೈದರ್ ಮರಣ ಹೊಂದಿದಾಗ ಈಸ್ಟ್ ಇಂಡಿಯಾ ಕಂಪೆನಿಯೊಡನೆ ಯುದ್ಧ ಇನ್ನೂ ನಡೆಯುತ್ತಿತ್ತು. ಟಿಪ್ಪು ಅದನ್ನು ಮುಂದುವರಿಸಿ, 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದದ ಮೂಲಕ ಕೊನೆಗೊಳಿಸಿದರು. ಕಂಪೆನಿಯ ಪ್ರತಿನಿಧಿಗಳು ಮದ್ರಾಸಿನಿಂದ ಮಂಗಳೂರಿನವರೆಗೆ ಬಂದು ಸಂಧಿಗೆ ಸಹಿ ಹಾಕಬೇಕಾಯಿತು. ಭಾರತದ ಒಬ್ಬ ಅರಸ ಬ್ರಿಟಿಷರೊಡನೆ ಸಮಾನನಾಗಿ ನಿಂತು ಮಾಡಿಕೊಂಡ ಕೊನೆಯ ಒಪ್ಪಂದಗಳಲ್ಲಿ ಅದೂ ಒಂದು.

ಸಂಧಿಯೇನೋ ಆಯಿತು. ಆದರೆ ಕಂಪೆನಿ ಕೇವಲ ವ್ಯಾಪಾರಿಗಳ ಕೂಟವಲ್ಲ, ಅದು ಸಮುದ್ರದಾಚೆಯಿಂದ ಬಲ ಪಡೆಯುತ್ತಿರುವ ಶಕ್ತಿ ಎಂಬುದನ್ನು ಟಿಪ್ಪು ಸ್ಪಷ್ಟವಾಗಿ ಅರಿತಿದ್ದರು. ಆದ್ದರಿಂದ ಅದನ್ನು ಎದುರಿಸಲು ತಾವೂ ಸಮುದ್ರದಾಚೆ ಸ್ನೇಹ ಬೆಳೆಸಬೇಕೆಂದು ನಿರ್ಧರಿಸಿದರು. ಆ ಕಾಲದ ನಮ್ಮ ದೇಶದ ಅರಸರಲ್ಲಿ ಇಂತಹ ದೃಷ್ಟಿ ಅಪರೂಪವಾಗಿತ್ತು.

ಖಲೀಫರ ದರ್ಬಾರಿಗೆ

1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಗುಲಾಮ್ ಅಲಿ ಖಾನ್ ನಾಯಕತ್ವದ ಆ ನಿಯೋಗದಲ್ಲಿ ಅಧಿಕಾರಿಗಳು, ಸೈನಿಕರು, ಸೇವಕರು ಸೇರಿ ಸುಮಾರು 900 ಮಂದಿ ಇದ್ದರು. ಮಸ್ಕತ್, ಬುಶೇರ್, ಬಸ್ರಾ, ಬಗ್ದಾದ್‌ಗಳನ್ನು ದಾಟಿ ಅವರು 1787ರಲ್ಲಿ ಇಸ್ತಾಂಬುಲ್ ತಲುಪಿದರು. ನಿಯೋಗದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ದಾರಿಯ ವಿವರಗಳನ್ನು ಫಾರ್ಸಿಯಲ್ಲಿ ಬರೆದಿಟ್ಟದ್ದರಿಂದ ಆ ಪ್ರಯಾಣದ ಕಷ್ಟಗಳು ಇಂದಿಗೂ ನಮಗೆ ತಿಳಿಯುತ್ತವೆ.

ಟಿಪ್ಪು ಅವರ ಬೇಡಿಕೆಗಳು ಬರಿಯ ಗೌರವಕ್ಕೆ ಸಂಬಂಧಿಸಿದವುಗಳಾಗಿರಲಿಲ್ಲ. ಮುಸ್ಲಿಮ್ ಜಗತ್ತಿನ ಖಲೀಫರೆಂದು ಮನ್ನಿಸಲ್ಪಟ್ಟಿದ್ದ ಉಸ್ಮಾನಿಯಾ ಸುಲ್ತಾನರಿಂದ ತಮ್ಮ ಆಳ್ವಿಕೆಗೆ ಮಾನ್ಯತೆ, ಸೈನಿಕ ನೆರವು, ನುರಿತ ಕುಶಲಕರ್ಮಿಗಳು ಮತ್ತು ವ್ಯಾಪಾರದ ಸೌಲಭ್ಯಗಳನ್ನು ಅವರು ಬಯಸಿದ್ದರು. ಬಸ್ರಾ ಬಂದರಿನಲ್ಲಿ ಮೈಸೂರಿಗೆ ಅಧಿಕಾರ ಕೊಟ್ಟರೆ ಪ್ರತಿಯಾಗಿ ಮಂಗಳೂರಿನಲ್ಲಿ ಉಸ್ಮಾನಿಯರಿಗೆ ಅಂತಹದೇ ಅಧಿಕಾರ ಕೊಡುವ ಪ್ರಸ್ತಾಪವೂ ಇತ್ತು.

ಸುಲ್ತಾನ್ ಒಂದನೇ ಅಬ್ದುಲ್ ಹಮೀದರು ದೂತರನ್ನು ಆದರದಿಂದ ಬರಮಾಡಿಕೊಂಡರು. ಆದರೆ ಆ ವರ್ಷವೇ ಅವರಿಗೆ ರಷ್ಯಾದೊಡನೆ ಯುದ್ಧ ಆರಂಭವಾಗಿತ್ತು. ಅಂತಹ ಹೊತ್ತಿನಲ್ಲಿ ಬ್ರಿಟಿಷರನ್ನು ಎದುರು ಹಾಕಿಕೊಳ್ಳಲು ಅವರು ಸಿದ್ಧರಿರಲಿಲ್ಲ. ಮರ್ಯಾದೆಯ ಪತ್ರಗಳು ಮತ್ತು ಉಡುಗೊರೆಗಳು ದೊರೆತವು. ಸೈನ್ಯವೂ ಸಿಗಲಿಲ್ಲ, ಬಸ್ರಾವೂ ಸಿಗಲಿಲ್ಲ. ಪ್ಲೇಗು, ಇತರ ರೋಗಗಳು ಮತ್ತು ಹಡಗುಗಳಿಗೊದಗಿದ ಆಪತ್ತುಗಳಿಂದ ಹೊರಟವರಲ್ಲಿ ಬಹುಪಾಲು ಜನ ಮರಳಲೇ ಇಲ್ಲ. ಈಜಿಪ್ಟ್ ಮತ್ತು ಹಿಜಾಝ್‌ಗಳ ಮಾರ್ಗವಾಗಿ ಬಂದ ಅಳಿದುಳಿದವರು ಊರು ಸೇರುವಾಗ ಹೆಚ್ಚುಕಡಿಮೆ ನಾಲ್ಕು ವರ್ಷಗಳು ಕಳೆದಿದ್ದವು.

ವರ್ಸೇಲ್ಸ್‌ನ ಅರಮನೆಯಲ್ಲಿ

ಈ ನಿಯೋಗ ಇನ್ನೂ ದಾರಿಯಲ್ಲಿರುವಾಗಲೇ ಟಿಪ್ಪು ಮತ್ತೊಂದನ್ನು ಫ್ರಾನ್ಸಿಗೆ ಕಳುಹಿಸಿದರು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ದೂತರು 1787ರ ಜುಲೈಯಲ್ಲಿ ಪುದುಚೇರಿಯಿಂದ ಹೊರಟು, ಮರುವರ್ಷದ ಜೂನ್‌ನಲ್ಲಿ ತೂಲೋನ್ ಬಂದರಿಗೆ ಇಳಿದರು. ಪ್ಯಾರಿಸಿನ ಜನ ಮೈಸೂರಿನ ಈ ಅತಿಥಿಗಳನ್ನು ನೋಡಲು ಮುಗಿಬಿದ್ದರು. 1788ರ ಆಗಸ್ಟ್ 10ರಂದು ದೊರೆ ಹದಿನಾರನೇ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ಅವರಿಗೆ ಭೇಟಿ ನೀಡಿದನು.

ಇಲ್ಲಿಯೂ ಸತ್ಕಾರಕ್ಕೆ ಕೊರತೆಯಾಗಲಿಲ್ಲ, ಸೈನ್ಯ ಮಾತ್ರ ದೊರೆಯಲಿಲ್ಲ. ಫ್ರಾನ್ಸ್ 1783ರಲ್ಲಿ ಇಂಗ್ಲೆಂಡಿನೊಡನೆ ಸಂಧಿ ಮಾಡಿಕೊಂಡಿತ್ತು. ಅದರ ಬೊಕ್ಕಸವೂ ಬರಿದಾಗಿತ್ತು. ದೂತರು ಒಂದಷ್ಟು ಕುಶಲಕರ್ಮಿಗಳು, ತೋಟಗಾರರು, ಸಸ್ಯ-ಬೀಜಗಳು ಮತ್ತು ಪಿಂಗಾಣಿಯ ಉಡುಗೊರೆಗಳೊಂದಿಗೆ 1789ರಲ್ಲಿ ಮರಳಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಅವರನ್ನು ಸತ್ಕರಿಸಿದ ದೊರೆ 1793ರಲ್ಲಿ ವಧಾಸ್ಥಾನಕ್ಕೆ ಹೋದನು. ಇಂದು ಸಿಂಹಾಸನದ ಮೇಲೆ ಕಾಣುವ ಸಹಾಯಕ ನಾಳೆ ತನಗೇ ಸಹಾಯವಿಲ್ಲದವನಾಗಬಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಈ ನಿಯೋಗಗಳೆಲ್ಲ ವ್ಯರ್ಥವಾದವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಸೈನ್ಯ ಸಿಗದಿದ್ದ ಕಡೆಯಲ್ಲಿ ವಿದ್ಯೆ ಮತ್ತು ವ್ಯಾಪಾರಗಳು ಸಿಕ್ಕಿದವು. ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು. ನಮ್ಮ ಕಾಡುಗಳ ಶ್ರೀಗಂಧ, ಮಲೆನಾಡಿನ ಮೆಣಸು ಮತ್ತು ಏಲಕ್ಕಿ, ಕರಾವಳಿಯ ಅಕ್ಕಿ ಅಲ್ಲಿಗೆ ಹೋಗುತ್ತಿದ್ದವು. ರೇಷ್ಮೆಹುಳುಗಳಿಗಾಗಿ ಟಿಪ್ಪು ಮಸ್ಕತ್‌ಗೂ ಬಂಗಾಳಕ್ಕೂ ಜನರನ್ನು ಅಟ್ಟಿದರು. ಅವುಗಳನ್ನು ಸಾಕುವ ಬಗೆ, ಹಿಪ್ಪುನೇರಳೆ ನೆಡುವ ಬಗೆಗಳ ಕುರಿತು ಅಧಿಕಾರಿಗಳಿಗೆ ಸ್ವತಃ ಆಜ್ಞೆಗಳನ್ನು ಬರೆಸಿದರು. ಇಂದು ಮೈಸೂರು ರೇಷ್ಮೆ ಎಂದು ಲೋಕ ಹೊಗಳುವ ಉದ್ಯಮದ ಬೇರು ಅಲ್ಲಿದೆ. ಅವರ ಫಿರಂಗಿಗಳು ಮೌನವಾಗಿ ಎರಡು ಶತಮಾನಗಳು ದಾಟಿದರೂ ರೇಷ್ಮೆಗೂಡು ಇಂದಿಗೂ ಸಾವಿರಾರು ಮನೆಗಳಿಗೆ ಅನ್ನ ಕೊಡುತ್ತಿದೆ.

ಬಾಗಿಲಲ್ಲೇ ಇದ್ದ ನೆರೆಯವರು

ಇಸ್ತಾಂಬುಲಿನಲ್ಲಿ ಮತ್ತು ಪ್ಯಾರಿಸಿನಲ್ಲಿ ಸ್ನೇಹ ಹುಡುಕುತ್ತಿದ್ದ ಆ ವರ್ಷಗಳಲ್ಲಿ ಮೈಸೂರಿನ ಸುತ್ತಮುತ್ತ ಏನು ನಡೆಯುತ್ತಿತ್ತು? ಈ ಪ್ರಶ್ನೆಯನ್ನು ನಾವು ಅಭಿಮಾನವನ್ನು ಬದಿಗಿಟ್ಟು ಕೇಳಬೇಕಾಗಿದೆ. ನ್ಯಾಯಕ್ಕಾಗಿ ನಮಗೆ ಪ್ರಿಯರಾದವರ ವಿರುದ್ಧವೂ ಸಾಕ್ಷಿ ಹೇಳಬೇಕೆಂಬುದು ನಮಗಿರುವ ಬೋಧನೆಯಲ್ಲವೇ?

ಉತ್ತರದಲ್ಲಿ ಮರಾಠರು ಮತ್ತು ಹೈದರಾಬಾದಿನ ನಿಝಾಮರೊಡನೆ ಯುದ್ಧ ನಡೆದು 1787ರಲ್ಲಿ ಸಂಧಿಯಾಯಿತು. ಮನಸ್ಸುಗಳು ಮಾತ್ರ ಕೂಡಲಿಲ್ಲ. ದಕ್ಷಿಣದಲ್ಲಿ ಕಂಪೆನಿಯ ಮಿತ್ರರಾಗಿದ್ದ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ 1789ರ ಡಿಸೆಂಬರ್‌ನಲ್ಲಿ ದಾಳಿ ನಡೆಯಿತು. ಕಾರಣಕ್ಕಾಗಿ ಕಾಯುತ್ತಿದ್ದ ಕಾರ್ನ್‌ವಾಲಿಸ್‌ನಿಗೆ ಅದೇ ಸಾಕಾಯಿತು. 1790ರಲ್ಲಿ ಮರಾಠರು ಮತ್ತು ನಿಝಾಮರು ಬ್ರಿಟಿಷರೊಡನೆ ಕೈಜೋಡಿಸಿದರು.

ಪಶ್ಚಿಮದಲ್ಲಿ ಕೊಡಗಿತ್ತು. ಅಲ್ಲಿನ ಜನ ಮೈಸೂರಿನ ಆಳ್ವಿಕೆಯ ವಿರುದ್ಧ ಮತ್ತೆ ಮತ್ತೆ ಬಂಡೆದ್ದಾಗ ಟಿಪ್ಪು ಅವರನ್ನು ಕಠೋರವಾಗಿ ಹತ್ತಿಕ್ಕಿದರು. 1785ರ ಸುಮಾರಿಗೆ ಸಾವಿರಾರು ಕೊಡವರನ್ನು ಮನೆಮಾರು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ, ಘಟನೆಯ ಬಗ್ಗೆ ಇಲ್ಲ. ಅವರಲ್ಲಿ ಹಲವರನ್ನು ಮತಾಂತರಿಸಲಾಯಿತೆಂದೂ ಆ ಕಾಲದ ಬರಹಗಳು ಹೇಳುತ್ತವೆ. ಹಾಗೆ ಆಗಿದ್ದಲ್ಲಿ ಅದು ಧರ್ಮದ ಸೇವೆಯಾಗಲಾರದು. ಧರ್ಮದಲ್ಲಿ ಬಲಾತ್ಕಾರಕ್ಕೆ ಎಡೆಯಿಲ್ಲ.

ಕೊಡಗಿನ ರಾಜಕುಮಾರ ವೀರರಾಜೇಂದ್ರರನ್ನು ಕುಟುಂಬದೊಂದಿಗೆ ಸೆರೆಯಲ್ಲಿಟ್ಟದ್ದು ಪಿರಿಯಾಪಟ್ಟಣದ ಕೋಟೆಯಲ್ಲಿ. 1788ರಲ್ಲಿ ಅವರು ಅಲ್ಲಿಂದ ತಪ್ಪಿಸಿಕೊಂಡು ಕೊಡಗು ಸೇರಿ ಜನರನ್ನು ಒಗ್ಗೂಡಿಸಿದರು. 1790ರಲ್ಲಿ ತಲಶ್ಶೇರಿಯ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡರು. ಕರಾವಳಿಯಿಂದ ಘಟ್ಟವೇರಿ ಬರಲು ಮುಂಬಯಿ ಸೇನೆಗೆ ಬೇಕಾಗಿದ್ದ ದಾರಿ ಹೀಗೆ ತೆರೆಯಿತು. ಕೊಡಗು ಮಿತ್ರನಾಗಿದ್ದಿದ್ದರೆ ಆ ಘಟ್ಟವೇ ಮೈಸೂರಿಗೆ ಪಶ್ಚಿಮದ ಕೋಟೆಯಾಗುತ್ತಿತ್ತು.

1791ರಲ್ಲಿ ಜನರಲ್ ಅಬರ್‌ಕ್ರೋಂಬಿಯ ಸೇನೆ ಕೊಡಗಿನ ಮೂಲಕ ಪಿರಿಯಾಪಟ್ಟಣದವರೆಗೆ ಬಂದು ಹಿಂದಿರುಗಿತು. ಮರುವರ್ಷ ಮತ್ತೆ ಬಂದು ಶ್ರೀರಂಗಪಟ್ಟಣದಲ್ಲಿ ಕಾರ್ನ್‌ವಾಲಿಸ್‌ನನ್ನು ಕೂಡಿಕೊಂಡಿತು. 1792ರ ಮಾರ್ಚ್‌ನ ಸಂಧಿಯಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ತೆರಲು ಒಪ್ಪಬೇಕಾಯಿತು. ಹಣ ಸಲ್ಲುವ ತನಕ ಎಳೆಯ ಮಕ್ಕಳಿಬ್ಬರನ್ನು ಒತ್ತೆಯಿಟ್ಟರು. ಕೊಟ್ಟ ಮಾತಿನಂತೆ ಹಣ ಸಲ್ಲಿಸಿ, 1794ರಲ್ಲಿ ಮಕ್ಕಳನ್ನು ಮರಳಿ ಪಡೆದರು.

ಕೊನೆಯ ವರ್ಷಗಳು

ಸೋಲಿನ ನಂತರ ಟಿಪ್ಪು ಮತ್ತೆ ದೂರದತ್ತ ನೋಡಿದರು. 1796ರಲ್ಲಿ ಅವರ ದೂತರು ಕಾಬೂಲಿನ ಝಮಾನ್ ಷಾರ ಬಳಿಗೆ ಹೋದರು. ಷಾ ಲಾಹೋರಿನವರೆಗೆ ಬಂದದ್ದೂ ಉಂಟು. ಆದರೆ ಬ್ರಿಟಿಷರು ಇರಾನನ್ನು ಅವರ ಬೆನ್ನ ಹಿಂದೆ ಎತ್ತಿಕಟ್ಟಿದ್ದರಿಂದ 1799ರ ಆರಂಭದಲ್ಲಿ ಹಿಂದಿರುಗಬೇಕಾಯಿತು. 1798ರ ಜನವರಿಯಲ್ಲಿ ಇಬ್ಬರು ದೂತರು ಗುಟ್ಟಾಗಿ ಮಾರಿಷಸ್ ದ್ವೀಪದ ಫ್ರೆಂಚರಲ್ಲಿಗೆ ತೆರಳಿದರು. ಅಲ್ಲಿನ ಗವರ್ನರ್ ಮಲಾರ್ಟಿಕ್ ಆ ಗುಟ್ಟನ್ನು ಬಹಿರಂಗ ಪ್ರಕಟಣೆಯಾಗಿ ಹೊರಡಿಸಿಬಿಟ್ಟನು! ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರು ನೂರರಷ್ಟು ಮಂದಿ. ಆ ಪ್ರಕಟಣೆಯ ಪ್ರತಿ ಕಲ್ಕತ್ತಾ ತಲುಪಿದಾಗ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾದ ನೆಪ ಕೈಸೇರಿತು.

ಅದೇ ವರ್ಷ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಬಂದನು. ಈಜಿಪ್ಟ್ ಉಸ್ಮಾನಿಯರ ನಾಡು. ಟಿಪ್ಪು ನಂಬಿದ್ದ ಒಬ್ಬ ಮಿತ್ರ ಇನ್ನೊಬ್ಬ ಮಿತ್ರನ ಮನೆಗೆ ನುಗ್ಗಿದಂತಾಯಿತು. ಆಗಿನ ಸುಲ್ತಾನ್ ಮೂರನೇ ಸಲೀಮರು ಫ್ರೆಂಚರ ಸಹವಾಸ ಬಿಡುವಂತೆ ಟಿಪ್ಪು ಅವರಿಗೆ ಪತ್ರ ಬರೆದರು. ಆ ಪತ್ರ ಬಂದದ್ದು ಬ್ರಿಟಿಷರ ಕೈಯಿಂದ! ನೆಪೋಲಿಯನ್ 1799ರ ಜನವರಿಯಲ್ಲಿ ಟಿಪ್ಪು ಅವರಿಗೆ ಬರೆದ ಪತ್ರವಾದರೋ ಅವರನ್ನು ತಲುಪಲೇ ಇಲ್ಲ, ದಾರಿಯಲ್ಲೇ ಬ್ರಿಟಿಷರ ಪಾಲಾಯಿತು. ಇತ್ತ ನಿಝಾಮರು 1798ರ ಸೆಪ್ಟೆಂಬರ್‌ನಲ್ಲೇ ಕಂಪೆನಿಯ ಆಶ್ರಯ ಒಪ್ಪಿಕೊಂಡಿದ್ದರು.

1799ರ ಮಾರ್ಚ್‌ನಲ್ಲಿ ಮುಂಬಯಿ ಸೇನೆ ಜನರಲ್ ಸ್ಟುವರ್ಟ್‌ನ ನೇತೃತ್ವದಲ್ಲಿ ಮತ್ತೆ ಕೊಡಗಿನ ದಾರಿ ಹಿಡಿದು ಬಂದಿತು. ಅದನ್ನು ಗಡಿಯಲ್ಲೇ ತಡೆಯಲು ಟಿಪ್ಪು ಸ್ವತಃ ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟರು. ಮಾರ್ಚ್ 6ರಂದು ಸಿದ್ದೇಶ್ವರದ ಬಳಿಯ ದಟ್ಟ ಕಾಡಿನಲ್ಲಿ ಕಾಳಗ ನಡೆಯಿತು. ಬ್ರಿಟಿಷರ ಪಕ್ಷದಲ್ಲಿ ವೀರರಾಜೇಂದ್ರರೂ ಇದ್ದರು. ಮೈಸೂರಿನ ಪ್ರಮುಖ ಸೇನಾನಿ ಮುಹಮ್ಮದ್ ರಝಾ ಅಲ್ಲಿ ಹತರಾದರು. ಟಿಪ್ಪು ರಾಜಧಾನಿಗೆ ಮರಳಿದರು. ಪಿರಿಯಾಪಟ್ಟಣದಲ್ಲಿ ತಾವೇ ಸೆರೆಯಲ್ಲಿಟ್ಟಿದ್ದ ವ್ಯಕ್ತಿ ಈಗ ಅದೇ ಸೀಮೆಯಲ್ಲಿ ಎದುರಾಳಿಯಾಗಿ ನಿಂತಿದ್ದರು. ಎರಡು ತಿಂಗಳು ಕಳೆಯುವ ಮೊದಲೇ, ಮೇ 4ರಂದು, ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಓಡಿಹೋಗಲಿಲ್ಲ, ಶರಣಾಗಲೂ ಇಲ್ಲ. ಸಾಮಾನ್ಯ ಸಿಪಾಯಿಗಳ ನಡುವೆ ಹೋರಾಡುತ್ತಾ ಪ್ರಾಣ ಬಿಟ್ಟರು. ಇಸ್ತಾಂಬುಲಿನಿಂದಾಗಲಿ, ಪ್ಯಾರಿಸಿನಿಂದಾಗಲಿ, ಕಾಬೂಲಿನಿಂದಾಗಲಿ ಅಂದು ಯಾರೂ ಬರಲಿಲ್ಲ.

ಅವರ ಶೌರ್ಯಕ್ಕಾಗಲಿ, ದೂರದೃಷ್ಟಿಗಾಗಲಿ ಇದರಿಂದ ಕುಂದಿಲ್ಲ. ಕಂಪೆನಿಯ ದುರಾಸೆಯನ್ನು ಅವರಷ್ಟು ಬೇಗ ಅರಿತವರು ವಿರಳ. ಅವರ ನೆರೆಯ ಅರಸರೂ ಅದನ್ನು ಅರಿಯಲಿಲ್ಲ. ಮೈಸೂರಿನ ಪತನದ ನಂತರ ಒಬ್ಬೊಬ್ಬರಾಗಿ ಅದೇ ಬಲೆಗೆ ಬಿದ್ದರು. ಮರಾಠರ ರಾಜ್ಯ 1818ರಲ್ಲಿ ಮುಗಿಯಿತು. ಬ್ರಿಟಿಷರಿಗೆ ದಾರಿ ತೋರಿದ ಕೊಡಗನ್ನೂ ಅವರು 1834ರಲ್ಲಿ ನುಂಗಿದರು. ನೆರೆಯವರು ಪರಸ್ಪರ ಕೈಬಿಟ್ಟಾಗ ಲಾಭವಾದದ್ದು ಹೊರಗಿನವನಿಗೆ ಮಾತ್ರ.

ಪ್ರಿಯ ಓದುಗರೇ, ರಾಜ್ಯಗಳಿಗೆ ಅನ್ವಯಿಸುವ ಈ ಮಾತು ಮನೆಗಳಿಗೂ ಅನ್ವಯಿಸುತ್ತದೆ. ದೂರದ ಊರಿನ ದೊಡ್ಡವರ ಪರಿಚಯವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಗೋಡೆಯಾಚೆಯ ಮನೆಯೊಡನೆ ವರ್ಷಗಟ್ಟಲೆ ಮಾತು ಬಿಟ್ಟಿರುತ್ತೇವೆ. ಆಪತ್ತಿನ ರಾತ್ರಿ ಬಾಗಿಲು ತಟ್ಟಿದಾಗ ತೆರೆಯುವುದು ಆ ಗೋಡೆಯಾಚೆಯ ಬಾಗಿಲೇ. ಇಸ್ಲಾಮ್ ನೆರೆಯವನ ಹಕ್ಕನ್ನು ಅಷ್ಟು ಒತ್ತಿ ಹೇಳಿದ್ದು ಸುಮ್ಮನಲ್ಲ. ಆ ನೆರೆಯವನು ಯಾವ ಧರ್ಮದವನೆಂಬ ಷರತ್ತನ್ನೂ ಅದು ಹಾಕಿಲ್ಲ. ಟಿಪ್ಪು ಅವರ ಧೈರ್ಯವನ್ನು ಮಕ್ಕಳಿಗೆ ಹೇಳೋಣ, ರೇಷ್ಮೆಯ ಕಥೆಯನ್ನೂ ಹೇಳೋಣ. ಅದರ ಜೊತೆಗೆ ಪಿರಿಯಾಪಟ್ಟಣದ ಪಾಠವನ್ನೂ ಮುಚ್ಚಿಡದೆ ಹೇಳೋಣ.