ಡಾಕ್ಟರ್ ಕೋಲ್ಮನ್ ಅವರೂ ನಮ್ಮ ಬೆದ್ದಲು ನೆಲವೂ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಹೋಬಳಿಯು ತುಮಕೂರು ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಹಿಂದೂಪುರದ ಸೀಮೆಗೆ ತಾಗಿಕೊಂಡಿರುವ ಪ್ರದೇಶವು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆಯ ಕಡೆಯಿಂದ ಬಂದು ಈ ಭಾಗವನ್ನು ಹಾಯ್ದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಹೆಸರಿಗೆ ನದಿಯಾದರೂ ವರ್ಷದ ಬಹುಕಾಲ ಅದು ಮರಳಿನ ಹಾಸು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಬೀಳುವ ಮಳೆಯು ಸಾಮಾನ್ಯವಾಗಿ 30 ಅಂಗುಲಕ್ಕೆ ಒಳಗಿನದು. ಅಷ್ಟರಲ್ಲಿಯೇ ಬದುಕಬೇಕಾದ ನಮ್ಮ ಹಿರಿಯರು ಮರಳಿನಡಿಯ ಒರತೆಯನ್ನು ಕಾಲುವೆಗೆ ತಿರುಗಿಸಿ ತಲಪರಿಗೆಗಳನ್ನು ಕಟ್ಟಿಕೊಂಡರು. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲನ್ನು ಹಾಕಿದರು. ಒಂದು ಪೈರು ಕೈಬಿಟ್ಟರೆ ಇನ್ನೊಂದು ಕೈಹಿಡಿಯುವುದೆಂಬುದು ಅವರ ಲೆಕ್ಕ. ದ್ವಿದಳದ ಗಿಡವು ನೆಲಕ್ಕೆ ಸಾರವನ್ನೂ ಕೊಡುವುದೆಂಬುದನ್ನು ರಸಾಯನಶಾಸ್ತ್ರವು ಬಹಳ ತಡವಾಗಿ ತಿಳಿಸಿತು.

ಹೊಲದ ಈ ಅರಿವನ್ನು ವಿದ್ಯಾಶಾಲೆಗೆ ತರುವ, ವಿದ್ಯಾಶಾಲೆಯ ಶೋಧನೆಯನ್ನು ಹೊಲಕ್ಕೆ ಒಯ್ಯುವ ಏರ್ಪಾಡನ್ನು ಮೈಸೂರು ಸಂಸ್ಥಾನದಲ್ಲಿ ಕಟ್ಟಿ ನಿಲ್ಲಿಸಿದವರು ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರು. ಅವರು ನಮ್ಮವರಲ್ಲ, ಕೆನಡಾ ದೇಶದ ಒಂಟಾರಿಯೋ ಪ್ರಾಂತದವರು. ಪರದೇಶದಿಂದ ಬಂದು ಇಲ್ಲಿ ಸಂಬಳವುಂಡವರನ್ನೆಲ್ಲ ಹೊಗಳುವ ಅಭ್ಯಾಸವು ನಮಗಿಲ್ಲ. ಆದರೂ ಇವರ ವಿಷಯದಲ್ಲಿ ನ್ಯಾಯವನ್ನು ಹೇಳದಿದ್ದರೆ ಲೋಪವಾದೀತು.

ಕೋಲ್ಮನ್ ಅವರು ಹುಟ್ಟಿದ್ದು 1878ರಲ್ಲಿ. ಅದೇ ಸಮಯಕ್ಕೆ ನಮ್ಮ ಸೀಮೆಯು ಧಾತು ಈಶ್ವರ ಕ್ಷಾಮದಿಂದ ಆಗತಾನೆ ಎದ್ದು ಕುಳಿತುಕೊಳ್ಳುತ್ತಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕಡಮೆಯಾಯಿತೆಂದರೆ ಆ ಅನಾಹುತದ ಅಳತೆಯು ತಿಳಿಯುವುದು. ಬೇಸಾಯದ ವಿಚಾರದಲ್ಲಿ ಸರ್ಕಾರವು ಕೈಕಟ್ಟಿ ಕುಳಿತಿರಲಾಗದೆಂಬ ಭಾವನೆಗೆ ಬೀಜವು ಬಿದ್ದುದು ಅಲ್ಲಿ. 1899ರಲ್ಲಿ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗಕ್ಷೇತ್ರಕ್ಕಾಗಿ ದಯಪಾಲಿಸಿದರು. ಡಾಕ್ಟರ್ ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಮಣ್ಣಿನ ಪರೀಕ್ಷೆಗೆ ತೊಡಗಿದರು.

ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ಓದಿ, ಜರ್ಮನಿಯ ಗಟಿಂಗೆನ್ ನಗರದಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಕೋಲ್ಮನ್ ಅವರು 1908ರಲ್ಲಿ ಸಂಸ್ಥಾನದ ಸೇವೆಗೆ ಬಂದರು. ಬೂಷ್ಟುರೋಗಗಳನ್ನೂ ಕೀಟಗಳನ್ನೂ ವಿಚಾರಿಸುವುದು ಅವರಿಗೆ ವಹಿಸಿದ ಕೆಲಸ. ಜೋಳದ ಬೆಳೆಯನ್ನು ತಿಂದುಹಾಕುವ ರೆಕ್ಕೆಯಿಲ್ಲದ ಮಿಡತೆಯೊಂದರ ಜೀವನಕ್ರಮವನ್ನು ಕುಞ್ಞಿಕಣ್ಣನ್ ಎಂಬ ತಮ್ಮ ಸಹಾಯಕರೊಡನೆ ಶೋಧಿಸಿ 1911ರಲ್ಲಿ ಪ್ರಕಟಿಸಿದರು. ಆ ಮಿಡತೆಯ ಶಾಸ್ತ್ರೀಯ ನಾಮದಲ್ಲಿ ಕೋಲ್ಮನ್ನರ ಹೆಸರೇ ಸೇರಿಕೊಂಡಿದೆ. ಶ್ರೀಗಂಧದ ಮರಕ್ಕೆ ಬರುವ ಸ್ಪೈಕ್ ರೋಗವು ಕಸಿಯ ಮೂಲಕ ಒಂದು ಗಿಡದಿಂದ ಇನ್ನೊಂದಕ್ಕೆ ಅಂಟುವುದೆಂಬುದನ್ನು 1917ರಲ್ಲಿ ತೋರಿಸಿಕೊಟ್ಟವರೂ ಅವರೇ. ಅದರ ನಿಜವಾದ ಕಾರಣವು ಗೊತ್ತಾಗಲು 1969ರ ವರೆಗೆ ಕಾಯಬೇಕಾಯಿತು.

ಅವರ ಹೆಸರು ಮನೆಮಾತಾದುದು ಅಡಕೆಯ ಕೊಳೆರೋಗದಿಂದ. ಮಲೆನಾಡಿನಲ್ಲಿ ಆಷಾಢ ಶ್ರಾವಣಗಳ ಮಳೆ ಹಿಡಿಯಿತೆಂದರೆ ಎಳೆಯ ಕಾಯಿಗಳು ಕೊಳೆತು ಉದುರಿ, ವರ್ಷದ ಫಸಲು ಕೆಲವು ವಾರಗಳಲ್ಲಿ ನೆಲದ ಪಾಲಾಗುತ್ತಿದ್ದಿತು. ತೋಟದವರು ಹಿಂದಿನಿಂದಲೂ ಗೊನೆಗಳಿಗೆ ಅಡಕೆಯ ಹಾಳೆಯಿಂದ ಕೊಟ್ಟೆಗಳನ್ನು ಕಟ್ಟಿ ಮಳೆಯ ನೀರನ್ನು ತಪ್ಪಿಸುವ ಉಪಾಯವನ್ನು ಮಾಡುತ್ತಿದ್ದರು. ಕೋಲ್ಮನ್ ಅವರು ಈ ಕೊಟ್ಟೆಯನ್ನು ಕಂಡು ನಗಲಿಲ್ಲ. ಕಾಯಿಗೆ ನೀರು ತಾಗದಿದ್ದರೆ ರೋಗವೇಕಿಲ್ಲವೆಂಬುದನ್ನು ವಿಚಾರಿಸಿದರು. ನೀರಿನಲ್ಲಿಯೇ ಹರಡತಕ್ಕ ಬೂಷ್ಟೊಂದು ಇದಕ್ಕೆ ಮೂಲವೆಂಬುದು ಸಿದ್ಧವಾಯಿತು. 1910ರಲ್ಲಿ ಪ್ರಕಟವಾದ ಅವರ ಶೋಧನೆಯು ಆ ಬೂಷ್ಟಿನ ಜಾತಿಯನ್ನು ಜಗತ್ತಿನ ವಿದ್ವಾಂಸರಿಗೆ ಪರಿಚಯಮಾಡಿಸಿತು. ಐರೋಪ್ಯ ದ್ರಾಕ್ಷಿತೋಟಗಳಲ್ಲಿ ರೂಢಿಯಲ್ಲಿದ್ದ ಬೋರ್ಡೋ ದ್ರಾವಣ, ಎಂದರೆ ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರಸಿದ ಔಷಧಿಯನ್ನು, ಮುಂಗಾರು ಬಲಿಯುವ ಮೊದಲೇ ಗೊನೆಗಳಿಗೆ ಹೊಡೆಯುವುದೆಂಬ ಕ್ರಮವನ್ನು ಅವರು ಹಾಕಿಕೊಟ್ಟರು. ಆದರೆ ಫ್ರಾನ್ಸಿನ ಮಳೆಯೇ ಬೇರೆ, ಆಗುಂಬೆಯ ಮಳೆಯೇ ಬೇರೆ. ಹೊಡೆದ ಔಷಧಿಯು ತೊಳೆದುಹೋಗದಂತೆ ರಾಳವನ್ನೂ ಸೋಡವನ್ನೂ ಕುದಿಸಿ ಬೆರಸುವ ಪದ್ಧತಿಯು ಇಲ್ಲಿ ರೂಢಿಗೆ ಬಂದಿತು. ಮರವೇರುವ ಕೊನೆಗಾರರು ಔಷಧಿ ಹೊಡೆಯುವುದನ್ನು ಕಲಿತರು.

ಇಲ್ಲಿ ನಾವು ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಶತಮಾನಕ್ಕೆ ಮೀರಿದ ಕಾಲ ಹೊಡೆದ ತಾಮ್ರವು ಎಲ್ಲಿಗೂ ಹೋಗಿಲ್ಲ. ಅದು ತೋಟದ ಮಣ್ಣಿನಲ್ಲಿ ಕೂಡುತ್ತ ಬರುವ ವಸ್ತು. ಫಸಲನ್ನು ಉಳಿಸಿದ ಔಷಧಿಯೇ ಮಣ್ಣಿನ ವಿಷಯದಲ್ಲಿ ಹೊಸದೊಂದು ವಿಚಾರಣೆಯನ್ನು ಬೇಡುತ್ತಿದೆ. ಅದೇ ಕಾಲದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿದ್ದ ಸರ್ ಆಲ್ಬರ್ಟ್ ಹೋವರ್ಡ್ ಅವರು ರೋಗವನ್ನು ಹೊಡೆಯುವುದಕ್ಕಿಂತ ಮಣ್ಣನ್ನು ಬಲಪಡಿಸುವುದೇ ಮೇಲೆಂದು ಇಂದೋರಿನಲ್ಲಿ ಗೊಬ್ಬರದ ಪ್ರಯೋಗಗಳನ್ನು ನಡೆಸಿ ಲೋಕಪ್ರಸಿದ್ಧರಾದರು. ಹೋವರ್ಡರೂ ಮೊದಲು ಬೂಷ್ಟುಶಾಸ್ತ್ರದವರೇ. ಇಬ್ಬರಲ್ಲಿ ಯಾರು ಹೆಚ್ಚೆಂಬ ವಾದಕ್ಕೆ ನಾವು ಕೈಹಾಕುವುದಿಲ್ಲ. ರೈತನ ಪದ್ಧತಿಯಲ್ಲಿ ಕಾರಣವಿರಬೇಕೆಂಬ ನಂಬಿಕೆಯಲ್ಲಿ ಇಬ್ಬರೂ ಒಂದೇ ದಾರಿಯವರು.

ಬೆಳೆ, ಮಣ್ಣು, ಕೀಟ, ರೈತ ಇವುಗಳನ್ನು ಒಂದೇ ಸಂಸಾರವೆಂದು ಭಾವಿಸಿ ಅಭ್ಯಸಿಸುವ ಶಾಸ್ತ್ರಕ್ಕೆ ಕೃಷಿ ಪರಿಸರ ವಿಜ್ಞಾನವೆಂಬ ಹೆಸರು ಪಾಶ್ಚಾತ್ಯರಲ್ಲಿ ಬಳಕೆಗೆ ಬರತೊಡಗಿದುದು 1930ರ ಸುಮಾರಿಗೆ. ಹೆಬ್ಬಾಳದಲ್ಲಿ ಅದಕ್ಕೆ ಹೆಸರಿರಲಿಲ್ಲ. ಕೆಲಸವು ಮಾತ್ರ ಆರಂಭವಾಗಿತ್ತು. 1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ವ್ಯವಸಾಯದ ಇಲಾಖೆಯು ಕೋಲ್ಮನ್ನರ ಡೈರೆಕ್ಟರಿಕೆಯಲ್ಲಿ ನೆಲೆಗೊಂಡಿತು. ಅದೇ ವರ್ಷ ಹೆಬ್ಬಾಳದಲ್ಲಿ ವ್ಯವಸಾಯದ ಪಾಠಶಾಲೆಯು ತೆರೆಯಿತು. ವಿದ್ಯಾರ್ಥಿಗಳು ಅಲ್ಲಿಯೇ ವಾಸಿಸಿ, ಪುಸ್ತಕವನ್ನು ಓದಿದ ಕೈಯಿಂದಲೇ ನೇಗಿಲನ್ನೂ ಹಿಡಿಯತಕ್ಕದ್ದಾಗಿತ್ತು. ಕಚೇರಿಯ ಕುರ್ಚಿಗಾಗಿಯೇ ಓದು ಎಂಬ ಭ್ರಮೆಯು ಬಲವಾಗಿದ್ದ ಆ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಅವರ ಅಧಿಕಾರದ ಕಾಲದಲ್ಲಿಯೇ, 1919ರ ಹೊತ್ತಿಗೆ, ಮೈಸೂರು ವ್ಯವಸಾಯ ಮತ್ತು ಪ್ರಯೋಗ ಸಂಘವು ತನ್ನ ಪತ್ರಿಕೆಯನ್ನು ಹೊರಡಿಸತೊಡಗಿತು. ಒಂಟಾರಿಯೋ ಪ್ರಾಂತದಲ್ಲಿ ಇದೇ ಹೆಸರಿನ ಸಂಘವೊಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದ್ದಿತು. ಪ್ರಯೋಗವು ಸರ್ಕಾರಿ ಬೇಲಿಯ ಒಳಗೇ ಮುಗಿಯದೆ ಬೇಸಾಯಗಾರನ ಸ್ವಂತ ಹೊಲದಲ್ಲಿಯೂ ನಡೆಯಬೇಕೆಂಬುದು ಇಂಥ ಸಂಘಗಳ ತಿರುಳು. ಬೇಸಾಯದ ಪಂಚಾಂಗವು ಕನ್ನಡದಲ್ಲಿಯೂ ಅಚ್ಚಾಗಿ ಹಳ್ಳಿಗಳನ್ನು ಸೇರಿತು.

ಬೆದ್ದಲು ಸೀಮೆಯವರಾದ ನಮಗೆ ಅವರ ಕೆಲಸದಲ್ಲಿ ಅತ್ಯಂತ ಹತ್ತಿರದ್ದು ರಾಗಿಯ ವಿಚಾರ. ಗೋಧಿಯನ್ನೂ ಹತ್ತಿಯನ್ನೂ ಕುರಿತು ಸಾಮ್ರಾಜ್ಯದ ಕಾರ್ಖಾನೆಗಳಿಗೆ ಆಸಕ್ತಿಯಿದ್ದಿತು. ಬಡವನ ಮುದ್ದೆಯನ್ನು ಕುರಿತು ಯಾವ ಲಂಡನ್ ವರ್ತಕನಿಗೂ ಆಸೆಯಿರಲಿಲ್ಲ. ಹೀಗಿರುವಾಗ ಹೆಬ್ಬಾಳದಲ್ಲಿ ರೈತರ ಹೊಲಗಳ ರಾಗಿಯಿಂದಲೇ ತಳಿಗಳನ್ನು ಆರಿಸಿ ಬೆಳೆಸಿ, 1918ರಲ್ಲಿಯೇ ಎಚ್ 22 ಎಂಬ ರಾಗಿಯನ್ನು ಹೊರತಂದರು. 1920ರಲ್ಲಿ ಕೋಲ್ಮನ್ ಅವರು ಮೈಸೂರಿನ ರಾಗಿಯ ಬೇಸಾಯವನ್ನು ಕುರಿತು ಪ್ರತ್ಯೇಕವಾದ ಗ್ರಂಥಿಕೆಯನ್ನೇ ಬರೆದು ಪ್ರಕಟಿಸಿದರು. ಹೊರದೇಶದವನೊಬ್ಬನು ಕೂರಿಗೆ, ಕುಂಟೆಗಳ ಕೆಲಸವನ್ನು ಅಕ್ಕರೆಯಿಂದ ನೋಡಿ ಬರೆದುದನ್ನು ಓದಿ, ನಮ್ಮ ಪಟ್ಟಣವಾಸಿಗಳಲ್ಲಿ ಎಷ್ಟು ಮಂದಿ ಈ ಸಾಧನಗಳನ್ನು ಗುರುತಿಸಬಲ್ಲರೆಂದು ಯೋಚಿಸಿದರೆ ನಾಚಿಕೆಯಾಗುವುದು.

ರಾಷ್ಟ್ರೀಯ ದೃಷ್ಟಿಯಿಂದ ನಾವು ಅವರಲ್ಲಿ ಮೆಚ್ಚತಕ್ಕ ಇನ್ನೊಂದು ಗುಣವುಂಟು. ಅವರು ತಮ್ಮ ಸುತ್ತಲೂ ಭಾರತೀಯರನ್ನು ಬೆಳೆಸಿದರು. ಕೀಟಶಾಸ್ತ್ರದಲ್ಲಿ ಕುಞ್ಞಿಕಣ್ಣನ್, ಬೂಷ್ಟುಶಾಸ್ತ್ರದಲ್ಲಿ ಎಂ. ಜೆ. ನರಸಿಂಹನ್, ಬೇಸಾಯದಲ್ಲಿ ಎ. ಕೆ. ಯಜ್ಞನಾರಾಯಣ ಅಯ್ಯರ್ ಇವರೆಲ್ಲರೂ ಆ ಇಲಾಖೆಯಲ್ಲಿಯೇ ಹೆಸರು ಗಳಿಸಿದವರು. ತಾನಿಲ್ಲದಿದ್ದರೆ ಕೆಲಸವು ನಿಲ್ಲಬೇಕೆಂದು ಬಯಸುವ ಅಧಿಕಾರಿಗಳು ಅಂದೂ ಇದ್ದರು, ಇಂದೂ ಇದ್ದಾರೆ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿಯ ಪ್ರಯೋಗಕ್ಷೇತ್ರವು ಸ್ಥಾಪಿತವಾಯಿತು. ಕೃಷ್ಣರಾಜಸಾಗರದ ನೀರು ಮಂಡ್ಯದ ಬಯಲಿಗೆ ಹರಿದಾಗ ಅಲ್ಲಿ ಪ್ರಯೋಗಕ್ಷೇತ್ರವನ್ನು ತೆರೆದು, ಕಬ್ಬಿನ ಬೇಸಾಯವನ್ನು ಬೆಳೆಸಿ, 1933ರಲ್ಲಿ ಸಕ್ಕರೆಯ ಕಾರ್ಖಾನೆಯು ಏಳುವುದಕ್ಕೆ ಅವರು ಶ್ರಮಿಸಿದರು. ಮಂಡ್ಯದ ಏಳಿಗೆಯನ್ನು ಕಂಡು ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅಡಕೆ, ಕಾಫಿ, ಕಬ್ಬು ಎಂದು ಎಣಿಸುತ್ತ ಹೋದರೆ ಹಣವೂ ಗಮನವೂ ನೀರಿರುವ ಕಡೆಗೇ, ಮಾರುಕಟ್ಟೆಯಿರುವ ಬೆಳೆಯ ಕಡೆಗೇ ಹರಿದುವೆಂಬುದನ್ನು ಮರೆಮಾಚಲಾಗದು. ರಾಗಿಯ ಗ್ರಂಥಿಕೆಯನ್ನು ಬರೆದ ಕೈಯೇ ಸಂಸ್ಥಾನದ ಆದಾಯದ ಅಗತ್ಯಕ್ಕೆ ಮಣಿಯಬೇಕಾಯಿತು. ಪಾವಗಡದ ರೈತನು ಕಾಲುವೆಯ ಕಥೆಯನ್ನು ಕೇಳಿಯೇ ತಿಳಿಯಬೇಕಾಗಿತ್ತು.

1934ರಲ್ಲಿ ಕೋಲ್ಮನ್ ಅವರು ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. 1954ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಬಿಟ್ಟುಹೋದ ಪಾಠಶಾಲೆಯು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಮೂಲವಾಯಿತು.

ಅವರ ಕೈಕೆಳಗೆ ದುಡಿದು ಮುಂದೆ ಡೈರೆಕ್ಟರರೂ ಆದ ಯಜ್ಞನಾರಾಯಣ ಅಯ್ಯರ್ ಅವರು 1949ರಲ್ಲಿ ಭಾರತದ ಮಿಶ್ರಬೆಳೆಗಳನ್ನು ಕುರಿತು ನೂರು ಪುಟಗಳಿಗೆ ಮೀರಿದ ಪ್ರಬಂಧವನ್ನು ಬರೆದರು. ಬೆಳೆಗಳನ್ನು ಬೆರಸಿ ಬಿತ್ತುವುದು ಅನಾಗರಿಕ ಪದ್ಧತಿಯೆಂದು ಹಲವರು ಹಳಿಯುತ್ತಿದ್ದ ಕಾಲದಲ್ಲಿ ಅದರ ಯುಕ್ತಾಯುಕ್ತತೆಯನ್ನು ಶಾಸ್ತ್ರೀಯವಾಗಿ ವಿವೇಚಿಸಿದ ಆ ಪ್ರಬಂಧವನ್ನು ದೇಶವಿದೇಶಗಳ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ. ಕೊಡಿಗೇನಹಳ್ಳಿಯ ಅಕ್ಕಡಿ ಸಾಲಿಗೆ ಕೊನೆಗೂ ವಿದ್ವತ್ಸಭೆಯಲ್ಲಿ ಮಣೆ ದೊರೆಯಿತು. ಇದಕ್ಕೆ ಪೂರಕವಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಒಣಬೇಸಾಯದ ಕ್ಷೇತ್ರದಲ್ಲಿ 1978ರಿಂದ ಒಂದೇ ನೆಲದಲ್ಲಿ ರಾಗಿಯನ್ನು ಬೆಳೆಯುತ್ತ ಗೊಬ್ಬರದ ಪರೀಕ್ಷೆಯು ನಡೆದುಬಂದಿದೆ. ಬರಿಯ ರಸಾಯನಿಕ ಗೊಬ್ಬರವನ್ನು ಹಾಕಿದ ತಾಕುಗಳಲ್ಲಿ ಇಳುವರಿಯು ಕಾಲಕ್ರಮದಲ್ಲಿ ಕುಗ್ಗಿತು. ಕೊಟ್ಟಿಗೆಯ ಗೊಬ್ಬರವನ್ನೂ ಜೊತೆಗೆ ಕೊಟ್ಟ ತಾಕುಗಳಲ್ಲಿ ಅದು ನಿಂತುಕೊಂಡಿತು. ತಿಪ್ಪೆಯ ಬೆಲೆಯನ್ನು ಬಲ್ಲ ನಮ್ಮ ರೈತನಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಅದನ್ನು ಅಂಕಿಗಳಲ್ಲಿ ತೋರಿಸದೆ ಯಾವ ಕಚೇರಿಯೂ ಒಪ್ಪುವುದಿಲ್ಲ.

ಈಗ ಆ ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ನೋಡಿದರೆ, ರಾಗಿಯ ಹೊಲಗಳು ಬಹುಮಟ್ಟಿಗೆ ಕಡಲೆಕಾಯಿಗೆ ತಿರುಗಿ ದಶಕಗಳಾದುವು. ತಲಪರಿಗೆಗಳು ಬತ್ತಿದುವು; ಕೊಳವೆಬಾವಿಗಳು ಆಳಕ್ಕಿಳಿದು ಫ್ಲೋರೈಡು ಬೆರೆತ ನೀರನ್ನು ಮೇಲೆತ್ತುತ್ತಿವೆ. ಪಾವಗಡದಲ್ಲಿ ಸುಮಾರು 13,000 ಎಕರೆ ಬೆದ್ದಲು ಭೂಮಿಯು ಗುತ್ತಿಗೆಗೆ ಹೋಗಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ತಿನ ಗಾಜುಹಲಗೆಗಳ ಕೆಳಗೆ ಸೇರಿದೆ. ಮಳೆಯನ್ನೇ ನಂಬಿದ ರೈತನಿಗೆ ವರ್ಷವರ್ಷವೂ ಬರುವ ಗುತ್ತಿಗೆಯ ಹಣವು ಆಕರ್ಷಕವಾದುದರಲ್ಲಿ ಆಶ್ಚರ್ಯವಿಲ್ಲ. ಆ ನೆಲದಲ್ಲಿ ಕೂಲಿಮಾಡಿ, ಕುರಿ ಮೇಯಿಸಿ ಬದುಕುತ್ತಿದ್ದ ಭೂಹೀನನಿಗೆ ಗುತ್ತಿಗೆಯಲ್ಲಿ ಪಾಲೆಲ್ಲಿಯದು? 2023ನೆಯ ಇಸವಿಯನ್ನು ರಾಷ್ಟ್ರಸಂಘವು ಸಿರಿಧಾನ್ಯಗಳ ವರ್ಷವೆಂದು ಆಚರಿಸಿ, ಪಟ್ಟಣಗಳಲ್ಲಿ ರಾಗಿಯ ಬಿಸ್ಕತ್ತಿಗೆ ಬೇಡಿಕೆ ಬಂದಾಗಲೂ ಅಕ್ಕಡಿ ಸಾಲನ್ನು ಹಾಕುವ ರೈತನ ಖರ್ಚುವೆಚ್ಚದ ಪ್ರಶ್ನೆಯು ಹಿಂದೆಯೇ ಉಳಿಯಿತು.

ಸಾಲಾಗಿ ಬೆರಸಿ ಬಿತ್ತಿದ ಹೊಲದಲ್ಲಿ ಯಂತ್ರದಿಂದ ಕುಯಿಲು ಸುಲಭವಲ್ಲ. ಕೈಯಾಳಿನ ಕೂಲಿ ದುಬಾರಿ. ಎತ್ತುಗಳು ಕಡಮೆಯಾದ ಹಳ್ಳಿಯಲ್ಲಿ ಕೊಟ್ಟಿಗೆಯ ಗೊಬ್ಬರವು ಎಲ್ಲಿಂದ ಬರಬೇಕು? ಇವು ಹೆಬ್ಬಾಳದಲ್ಲಿಯೋ ಗಾಂಧೀ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಕುಳಿತು ಬಿಡಿಸತಕ್ಕ ತೊಡಕುಗಳಲ್ಲ. ಕೊಡಿಗೇನಹಳ್ಳಿಯ ಹೋಬಳಿಯಲ್ಲಿ, ರೈತಸಂಪರ್ಕ ಕೇಂದ್ರದ ಬಾಗಿಲಿನಿಂದ ಹೊರಗೆ ಬಂದು, ಹತ್ತಾರು ರೈತರ ಸ್ವಂತ ಹೊಲಗಳಲ್ಲಿ ಹಲವು ಮಳೆಗಾಲಗಳ ಕಾಲ ಲೆಕ್ಕವಿಟ್ಟು ನೋಡತಕ್ಕವು. ವಿಶ್ವವಿದ್ಯಾನಿಲಯವು ತನ್ನ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಹಳ್ಳಿಯ ವಾಸಕ್ಕೆ ಕಳುಹಿಸುವ ಪದ್ಧತಿಯು ಈಗಲೂ ಇದೆ. ಅವರಲ್ಲಿ ಒಂದು ತಂಡವನ್ನು ವರ್ಷವರ್ಷವೂ ತಪ್ಪದೆ ಈ ಹೋಬಳಿಗೆ ನೇಮಿಸಿ, ಹಿಂದಿನ ವರ್ಷದ ತಂಡವು ಬರೆದಿಟ್ಟ ಲೆಕ್ಕದ ಪುಸ್ತಕವನ್ನೇ ಅವರ ಕೈಗೆ ಕೊಡಬೇಕೆಂದು ನಾವು ವಿಶ್ವವಿದ್ಯಾನಿಲಯದ ಅಧಿಕಾರಿಗಳಿಗೂ ಜಿಲ್ಲೆಯ ಕೃಷಿ ಇಲಾಖೆಯವರಿಗೂ ಸೂಚಿಸುತ್ತೇವೆ. ಮುಂದಿನ ಮುಂಗಾರಿನ ಬಿತ್ತನೆಯಿಂದಲೇ ಇದನ್ನು ಆರಂಭಿಸಲು ಅಡ್ಡಿಯೇನೂ ನಮಗೆ ಕಾಣುವುದಿಲ್ಲ.